ನಿಮ್ಮ ಸ್ಕ್ಯಾನ್ ಚಿತ್ರಗಳು ಎಲ್ಲಿವೆ? ಎಷ್ಟು ಕಾಲ ಇರುತ್ತವೆ?

ನಮ್ಮ ಮನೆಗಳಲ್ಲಿ ಎಕ್ಸ್-ರೇ ಲಕೋಟೆಗಳಿಗೆ ಒಂದು ಖಾಯಂ ಜಾಗವಿದೆ. ಅಲ್ಮೇರಾದ ಮೇಲೆ, ಇಲ್ಲವೇ ಹಾಸಿಗೆಯ ಅಡಿಯಲ್ಲಿ. ಈಗ ಅನೇಕ ಆಸ್ಪತ್ರೆಗಳು ಫಿಲ್ಮ್ ಕೊಡುವುದನ್ನೇ ನಿಲ್ಲಿಸಿವೆ. ಒಂದು ಸಿ.ಡಿ. ಕೊಡುತ್ತಾರೆ ಅಥವಾ ಮೊಬೈಲಿಗೆ ಲಿಂಕ್ ಕಳುಹಿಸುತ್ತಾರೆ. “ಎಲ್ಲವೂ ಸಿಸ್ಟಮ್‌ನಲ್ಲಿದೆ” ಎನ್ನುತ್ತಾರೆ. ನಾವೂ ನಿಶ್ಚಿಂತೆಯಿಂದ ಮನೆಗೆ ಬರುತ್ತೇವೆ. ಕೆಲವು ವರ್ಷಗಳ ನಂತರ ಹೋಗಿ ಕೇಳಿದರೆ, “ಈಗ ಹೊಸ ಸಿಸ್ಟಮ್ ಬಂದಿದೆ, ಹಳೆಯದು ಸಿಗುವುದಿಲ್ಲ” ಎಂಬ ಉತ್ತರ ಬರಬಹುದು. ಕಂಪ್ಯೂಟರ್ ಬದಲಾದರೆ ನಮಗೇನು ಎಂದು ನೀವು ಕೇಳಬಹುದು. ಆ ಬದಲಾವಣೆಗೂ ನಿಮ್ಮ ಚಿಕಿತ್ಸೆಗೂ ನೇರ ಸಂಬಂಧವಿದೆ.

ಹಳೆಯ ಚಿತ್ರ ಏಕೆ ಬೇಕು?

ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟು ಕಂಡಿತೆನ್ನಿ. ವೈದ್ಯರು ಮೊದಲು ಕೇಳುವುದು, “ಹಿಂದೆ ತೆಗೆಸಿದ್ದು ಇದೆಯೇ?” ಎಂದು. ಎರಡು ವರ್ಷಗಳ ಹಿಂದಿನ ಚಿತ್ರದಲ್ಲೂ ಅದೇ ಗಟ್ಟಿ ಗಂಟು ಅಷ್ಟೇ ಗಾತ್ರದಲ್ಲಿದ್ದರೆ ಅದು ಸಾಮಾನ್ಯವಾಗಿ ಅಪಾಯಕಾರಿಯಲ್ಲವೆಂದು ಭಾವಿಸಲಾಗುತ್ತದೆ. ಹಳೆಯ ಚಿತ್ರ ಇಲ್ಲದಿದ್ದರೆ ಕೆಲವು ತಿಂಗಳು ಕಾದು ಮತ್ತೆ ಸ್ಕ್ಯಾನ್ ಮಾಡಿಸಬೇಕಾಗಬಹುದು, ಕೆಲವೊಮ್ಮೆ ಸೂಜಿ ಹಾಕಿ ಪರೀಕ್ಷೆಯನ್ನೂ ಮಾಡಬೇಕಾಗಬಹುದು. ಅಷ್ಟೂ ದಿನ ಮನೆಯವರಿಗೆ ನಿದ್ದೆಯಿಲ್ಲ. ಸ್ತನದ ಮ್ಯಾಮೊಗ್ರಾಮ್‌ನಲ್ಲೂ ಹೀಗೆಯೇ. ಹಿಂದಿನ ಚಿತ್ರದೊಂದಿಗೆ ಹೋಲಿಸಿದಾಗ ಅನಗತ್ಯ ಮರುಪರೀಕ್ಷೆಗಳು ತಪ್ಪುತ್ತವೆ.

ವಿಕಿರಣದ ಲೆಕ್ಕವೂ ಇದೆ. ಪ್ರಕೃತಿಯಿಂದ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸಿಗುವ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4 ಮಿಲಿಸೀವರ್ಟ್. ಎದೆಯ ಒಂದು ಎಕ್ಸ್-ರೇಯಲ್ಲಿ 0.1 ಅಥವಾ ಅದಕ್ಕೂ ಕಡಿಮೆ. ಆದರೆ ಎದೆಯ ಸಾಮಾನ್ಯ ಸಿ.ಟಿ.ಯಲ್ಲಿ ಸುಮಾರು 6-7. ಅಗತ್ಯವಿದ್ದಾಗ ಸಿ.ಟಿ.ಗೆ ಹೆದರಬೇಕಾಗಿಲ್ಲ. ಆದರೆ ಚಿತ್ರ ಕಳೆದುಹೋಯಿತು ಎಂಬ ಒಂದೇ ಕಾರಣಕ್ಕೆ ಮತ್ತೆ ಮಾಡಿಸುವುದು ಹಣಕ್ಕೂ ನಷ್ಟ, ಶರೀರಕ್ಕೂ ಒಳ್ಳೆಯದಲ್ಲ.

ಒಂದು ಸ್ಕ್ಯಾನಿನ ಭಾರ

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು. ಈ ಯಂತ್ರವನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ 1979ರಲ್ಲಿ ಅಲನ್ ಕಾರ್ಮಾಕ್ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆಗಿನ ಚಿತ್ರಗಳು ಒರಟಾಗಿದ್ದವು, ಸಂಖ್ಯೆಯೂ ಕಡಿಮೆ. ಇಂದು ಸಿ.ಟಿ.ಯ ಒಂದು ಚಿತ್ರಕ್ಕೆ ಸಾಮಾನ್ಯವಾಗಿ ಅರ್ಧ ಎಂ.ಬಿ. ಜಾಗ ಬೇಕು. ಒಬ್ಬ ರೋಗಿಯ ಸ್ಕ್ಯಾನಿನಲ್ಲಿ 400 ಚಿತ್ರಗಳಿದ್ದರೆ 200 ಎಂ.ಬಿ. ಆಯಿತು. ದಿನಕ್ಕೆ ಇಂತಹ 20 ಸ್ಕ್ಯಾನ್ ಮಾಡುವ ಕೇಂದ್ರಕ್ಕೆ ದಿನವೊಂದಕ್ಕೆ 4 ಜಿ.ಬಿ., 300 ದಿನಗಳಿಗೆ 1,200 ಜಿ.ಬಿ. ಬೇಕು. ಎಂ.ಆರ್.ಐ., ಮ್ಯಾಮೊಗ್ರಾಮ್‌ಗಳ ಲೆಕ್ಕ ಬೇರೆ.

ಈ ಚಿತ್ರಗಳನ್ನು ಸಂಗ್ರಹಿಸಿ, ವೈದ್ಯರು ಕೇಳಿದಾಗ ತೋರಿಸುವ ವ್ಯವಸ್ಥೆಗೆ ‘ಪ್ಯಾಕ್ಸ್’ ಎನ್ನುತ್ತಾರೆ. ಯಾವ ಕಂಪನಿಯ ಯಂತ್ರ ತೆಗೆದ ಚಿತ್ರವನ್ನೂ ಬೇರೆ ಕಡೆ ತೆರೆಯಲು ಸಾಧ್ಯವಾಗಲೆಂದು 1993ರಲ್ಲಿ ‘ಡೈಕಾಮ್’ ಎಂಬ ಮಾನದಂಡ ಬಂತು. ಇದರ ಕಡತದಲ್ಲಿ ಚಿತ್ರದ ಜೊತೆಗೆ ರೋಗಿಯ ಹೆಸರು, ಸಂಖ್ಯೆ, ವಯಸ್ಸು, ತಾರೀಕು ಎಲ್ಲವೂ ಸೇರಿರುತ್ತದೆ.

ಹಾರ್ಡ್ ಡಿಸ್ಕಿಗೆ ಆಯುಷ್ಯವಿದೆ. ವರ್ಷಗಳು ಕಳೆದಂತೆ ಅದು ಕೆಡುತ್ತದೆ, ಜಾಗ ತುಂಬುತ್ತದೆ. ಹಳೆಯ ಸಾಫ್ಟ್‌ವೇರಿಗೆ ಭದ್ರತೆಯ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಆದ್ದರಿಂದ ಆಸ್ಪತ್ರೆಗಳು ಸಂಗ್ರಹ ವ್ಯವಸ್ಥೆಯನ್ನು ಬದಲಿಸಲೇಬೇಕು. ಬದಲಿಸುವುದು ತಪ್ಪಲ್ಲ, ಹಳೆಯದನ್ನು ಸರಿಯಾಗಿ ಸಾಗಿಸದಿರುವುದು ತಪ್ಪು.

ಫಾತಿಮಾ ಎಷ್ಟು ಮಂದಿ?

ಮನೆ ಬದಲಿಸುವಾಗ ಪಾತ್ರೆ ಪಗಡಿ ಕಳೆದುಹೋಗುವಂತೆ ಇಲ್ಲಿಯೂ ಕಳೆದುಹೋಗುತ್ತದೆ. ಹೊಸ ವ್ಯವಸ್ಥೆ ಚಿತ್ರಗಳನ್ನು ರೋಗಿಯ ಹೆಸರು ಮತ್ತು ಸಂಖ್ಯೆಯ ಆಧಾರದಲ್ಲಿ ಜೋಡಿಸುತ್ತದೆ. ನಮ್ಮಲ್ಲಿ ಇದೇ ದೊಡ್ಡ ತೊಡಕು. ಒಬ್ಬರೇ ಒಮ್ಮೆ ಫಾತಿಮಾ, ಇನ್ನೊಮ್ಮೆ ಫಾತಿಮಾ ಬಿ, ಮತ್ತೊಮ್ಮೆ ಬೀಫಾತಿಮಾ ಆಗಿರುತ್ತಾರೆ. ಮುಹಮ್ಮದ್ ಎಂಬುದನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ನಿಮಗೇ ಗೊತ್ತು. ಕೆಲವು ಕಡೆ ‘ಎಂ.ಡಿ.’ ಎಂದಷ್ಟೇ ಇರುತ್ತದೆ. ಹೀಗಾದಾಗ ಒಬ್ಬರ ಚಿತ್ರಗಳು ಮೂರು ಕಡೆ ಚದುರುತ್ತವೆ. ಇನ್ನೂ ಅಪಾಯವೆಂದರೆ, ಒಂದೇ ಹೆಸರಿನ ಇಬ್ಬರ ಚಿತ್ರಗಳು ಒಟ್ಟಾಗಿಬಿಡಬಹುದು. ಆದ್ದರಿಂದ ಆಧಾರ್ ಕಾರ್ಡಿನಲ್ಲಿರುವಂತೆಯೇ ಹೆಸರು ಬರೆಸಿ. ಪ್ರತಿ ಸಲ ಹೊಸ ಚೀಟಿ ಮಾಡಿಸದೆ ಹಳೆಯ ಆಸ್ಪತ್ರೆ ಸಂಖ್ಯೆಯನ್ನೇ ಕೊಡಿ.

ಮರ್ಯಾದೆಯ ಪ್ರಶ್ನೆ

ಶರೀರದ ಒಳಗಿನ ಚಿತ್ರವೂ ಮರ್ಯಾದೆಯ ವಿಷಯವೇ. ಮಹಿಳೆಯರ ಸ್ಕ್ಯಾನ್ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಆತಂಕ ಸಹಜ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಎಂಬ ಸಂಸ್ಥೆ ಪರಿಶೀಲಿಸಿದಾಗ, ಭಾರತವೂ ಸೇರಿ ಅನೇಕ ದೇಶಗಳಲ್ಲಿ ವೈದ್ಯಕೀಯ ಚಿತ್ರಗಳ ಸರ್ವರ್‌ಗಳು ಇಂಟರ್‌ನೆಟ್‌ನಲ್ಲಿ ರಕ್ಷಣೆಯಿಲ್ಲದೆ ತೆರೆದುಕೊಂಡಿದ್ದವು. ಬೀಗ ಹಾಕದ ಬಾಗಿಲಿನಂತೆ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಹಲವು ದಿನ ಕೆಲಸಗಳು ಕೈಬರಹದಲ್ಲೇ ಸಾಗಿದವು. ದಾಳಿಗೆ ಸಿಗದ ಬ್ಯಾಕಪ್ ಸರ್ವರ್ ಒಂದು ಉಳಿದಿದ್ದರಿಂದ ಮಾಹಿತಿಯನ್ನು ಮರಳಿ ಪಡೆಯಲಾಯಿತು. ಬೇರೆ ಕಡೆ ಇನ್ನೊಂದು ಪ್ರತಿ ಇಡುವುದರ ಬೆಲೆ ಇದರಿಂದ ತಿಳಿಯುತ್ತದೆ.

ಟ್ರಸ್ಟ್ ಮತ್ತು ಕಮಿಟಿಗಳಲ್ಲಿರುವವರಿಗೆ

ನಿಮ್ಮಲ್ಲಿ ಕೆಲವರು ಆಸ್ಪತ್ರೆ, ಸ್ಕ್ಯಾನಿಂಗ್ ಕೇಂದ್ರ ನಡೆಸುವ ಟ್ರಸ್ಟ್‌ಗಳಲ್ಲಿರಬಹುದು. ಯಂತ್ರ ಕೊಡಿಸಲು ದಾನಿಗಳು ಮುಂದೆ ಬರುತ್ತಾರೆ, ಉದ್ಘಾಟನೆಯೂ ಆಗುತ್ತದೆ. ಆ ಯಂತ್ರ ತೆಗೆದ ಚಿತ್ರಗಳನ್ನು ಕಾಯುವ ಖರ್ಚು ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ರೋಗಿಗಳು ನಂಬಿ ಒಪ್ಪಿಸಿದ ಅಮಾನತ್ ಅದು. ವ್ಯವಸ್ಥೆ ಬದಲಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಇದೆಯೇ? ಹಳೆಯ ಕಂಪನಿ ಎಲ್ಲ ಚಿತ್ರಗಳನ್ನೂ ಡೈಕಾಮ್ ರೂಪದಲ್ಲೇ ಮರಳಿಸುವುದೆಂದು ಕರಾರಿನಲ್ಲಿದೆಯೇ? ಸಾಗಿಸಿದ ಮೇಲೆ ಎರಡೂ ಕಡೆ ಎಣಿಸಿ, ಕೆಲವನ್ನು ತೆರೆದು ನೋಡಿದಿರಾ? ಅದಾಗುವವರೆಗೆ ಹಳೆಯ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಹಾಕುವಾಗ ಪೂರ್ತಿ ಅಳಿಸಿ ಅಥವಾ ಒಡೆದು ಹಾಕಿ.

ಮನೆಯಲ್ಲಿ ನೀವು ಮಾಡಬೇಕಾದದ್ದು

* ವೈದ್ಯರ ನೀತಿಸಂಹಿತೆಯ 2002ರ ನಿಯಮಗಳಂತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಅದರಾಚೆಗೆ ಆಸ್ಪತ್ರೆಯನ್ನೇ ನೆಚ್ಚಿಕೊಳ್ಳದೆ ನಿಮ್ಮದೇ ಪ್ರತಿ ಇಟ್ಟುಕೊಳ್ಳಿ.

* ಫಿಲ್ಮಿನಲ್ಲಿ ಆಯ್ದ ಚಿತ್ರಗಳಷ್ಟೇ ಇರುತ್ತವೆ. ಡೈಕಾಮ್ ರೂಪದಲ್ಲಿರುವ ಪೂರ್ತಿ ಸ್ಕ್ಯಾನನ್ನು ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಕೇಳಿ. ಅದೇ ವಾರ ತೆರೆದು ನೋಡಿ.

* ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಸಿ.ಡಿ.ಯಲ್ಲಿರುವುದನ್ನು ಹಾರ್ಡ್ ಡಿಸ್ಕಿಗೂ ಇನ್ನೊಂದು ಕಡೆಗೂ ನಕಲು ಮಾಡಿಡಿ.

* ಲಿಂಕ್ ಬಂದರೆ ಕೂಡಲೇ ಇಳಿಸಿಕೊಳ್ಳಿ. ಕೆಲವು ಲಿಂಕ್‌ಗಳ ಅವಧಿ ಮುಗಿದುಹೋಗುತ್ತದೆ.

* ಫಿಲ್ಮನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಸೂಕ್ಷ್ಮ ವಿವರ ಉಳಿಯುವುದಿಲ್ಲ. ಕುಟುಂಬದ ಗುಂಪಿಗಂತೂ ಹಾಕಲೇಬೇಡಿ.

* ಲಕೋಟೆಯ ಮೇಲೆ ಹೆಸರು, ತಾರೀಕು, ಯಾವ ಭಾಗ ಎಂದು ಬರೆಯಿರಿ. ಫಿಲ್ಮನ್ನು ಮಡಿಸಬೇಡಿ. ತೇವದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯವರು, ಎಚ್ಚರ ವಹಿಸಿ.

* ಗಲ್ಫ್‌ನಲ್ಲಿರುವವರು ಕೆಲಸ ಮುಗಿಸಿ ಊರಿಗೆ ಮರಳುವ ಮೊದಲು ಅಲ್ಲಿಯ ಆಸ್ಪತ್ರೆಯಿಂದ ಸ್ಕ್ಯಾನ್ ಮತ್ತು ವರದಿ ತೆಗೆದುಕೊಳ್ಳಿ. ಊರಿಂದ ಕೇಳಿ ತರಿಸುವುದು ಸುಲಭವಲ್ಲ.

* 2021ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಗಳ ‘ಆಭಾ’ ಸಂಖ್ಯೆ ಸಿಗುತ್ತದೆ. ನಿಮ್ಮ ಒಪ್ಪಿಗೆಯ ಮೇರೆಗೆ ದಾಖಲೆಗಳನ್ನು ಅದಕ್ಕೆ ಜೋಡಿಸಬಹುದು.

ಮುಂದಿನ ಸಲ ಸ್ಕ್ಯಾನ್ ಮಾಡಿಸಿ ಕೌಂಟರಿನಲ್ಲಿ ಹಣ ಕಟ್ಟುವಾಗ ಇಷ್ಟು ಕೇಳಿ: “ಈ ಚಿತ್ರ ನಿಮ್ಮಲ್ಲಿ ಎಷ್ಟು ವರ್ಷ ಇರುತ್ತದೆ? ನನ್ನ ಪ್ರತಿ ಕೊಡುತ್ತೀರಾ?” ಕೇಳುವವರು ಹೆಚ್ಚಾದರೆ ಕಾಪಾಡುವವರೂ ಎಚ್ಚರವಾಗುತ್ತಾರೆ.