‘ಆಕ್ಟಿವ್’ ಅಂದರೆ ಸರಿ ಇದೆ ಅಂತಲ್ಲ!

‘ಬಿಜಿಪಿಯಲ್ಲಿ ನೆರೆಯ ರೂಟರ್ ಎದುರು ಆಕ್ಟಿವ್ ಅಂತ ತೋರಿಸಿದರೆ ಏನರ್ಥ?’ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಕೇಳಿದರು. ‘ಸಂಪರ್ಕ ಸರಿ ಇದೆ ಸರ್’ ಎಂದೆ. ಅವಕಾಶ ಕೈತಪ್ಪಿತು.

‘ಈ ವಿಳಾಸಕ್ಕೆ ನನ್ನ ಮೂಲಕ ಬನ್ನಿ’ ಎಂದು ದೊಡ್ಡ ನೆಟ್‌ವರ್ಕ್‌ಗಳು ಒಂದಕ್ಕೊಂದು ತಿಳಿಸುವ ವ್ಯವಸ್ಥೆಯೇ ಬಿಜಿಪಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಮಡಿಕೇರಿ ಇದ್ದಲ್ಲೇ ಇತ್ತು, ಸಂಪಾಜೆ ಕಡೆಯಿಂದ ದಾರಿ ಇರಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ಗೂ ಹೀಗೇ ಆಯಿತು. ಬಿಜಿಪಿಯಲ್ಲಿ ದಾರಿ ಅಳಿಸಿಹೋಗಿ ವಾಟ್ಸ್‌ಆ್ಯಪ್ ಕೂಡ ಸುಮಾರು ಆರು ಗಂಟೆ ಸಿಗಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಜಿಎನ್‌ಎಸ್3 ತೆರೆದು ಎರಡು ರೂಟರ್ ಜೋಡಿಸಿದೆ. ಮತ್ತದೇ ಆಕ್ಟಿವ್! ಪಿಂಗ್ ಮಾತ್ರ ಹೋಗುತ್ತಿತ್ತು. ಹೊರಗೆ ಮಳೆ, ಕರೆಂಟಿಲ್ಲ, ಬ್ಯಾಟರಿ ಇಳಿಯುತ್ತಿತ್ತು. ಕೊನೆಗೂ ಸಿಕ್ಕಿತು: ಬಿಜಿಪಿಗೆ ಕೊಟ್ಟ ನೆರೆಯ ಐಪಿಯಲ್ಲಿ ಒಂದು ಅಂಕಿ ತಪ್ಪು. ತಿದ್ದಿದೊಡನೆ ಸಂಪರ್ಕ ಕೂಡಿತು.

ಟಿಸಿಪಿ 179ನೇ ಪೋರ್ಟ್‌ನಲ್ಲಿ ಸಂಪರ್ಕಕ್ಕೆ ಇನ್ನೂ ಪ್ರಯತ್ನ ನಡೆದಿದೆ ಎಂಬುದಷ್ಟೇ ಆಕ್ಟಿವ್‌ನ ಅರ್ಥ. ಕೂಡಿದ ಮೇಲೆ ಅದು ‘ಎಸ್ಟಾಬ್ಲಿಷ್ಡ್’.

ಮೊದಲು ಪಿಂಗ್, ಆಮೇಲೆ ಎರಡೂ ಕಡೆಯ ಐಪಿ, ಎಎಸ್ ಸಂಖ್ಯೆ, ನಂತರ ಪೋರ್ಟ್: ಈ ಕ್ರಮ ಈಗ ಮರೆಯುವುದಿಲ್ಲ. ಸಂದರ್ಶನಕ್ಕೆ ಹೊರಟ ಗೆಳೆಯರೇ, ಉತ್ತರ ಬಾಯಿಪಾಠ ಮಾಡುವ ಮೊದಲು ಒಮ್ಮೆ ನೀವೇ ಕೆಡಿಸಿ, ನೀವೇ ಸರಿಮಾಡಿ ನೋಡಿ.