ಕ್ಯಾನ್ಸರ್ ಗಡ್ಡೆಯ ಜೀವಕೋಶಗಳ ವೈವಿಧ್ಯ ಮತ್ತು ದೇಹದ ರಕ್ಷಣಾ ವ್ಯವಸ್ಥೆ: ಸಾರ್ವಜನಿಕರಿಗೆ ಮಾಹಿತಿ

ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೋರಿ ಅರ್ಜಿ ಸಲ್ಲಿಸುವವರಲ್ಲಿ ಅನೇಕರು, ಒಮ್ಮೆ ಬಯಾಪ್ಸಿ ಆಗಿದ್ದರೂ ವೈದ್ಯರು ಪುನಃ ಸೂಚಿಸುವುದೇಕೆ, ಒಂದೇ ಅಂಗದ ಕ್ಯಾನ್ಸರ್ ಇರುವ ಇಬ್ಬರಿಗೆ ಬೇರೆ ಬೇರೆ ಔಷಧವೇಕೆ ಎಂದು ವಿಚಾರಿಸುತ್ತಾರೆ. ಇದು ಅನಗತ್ಯ ಅಲೆದಾಟವೆಂದು ತೋರುವುದು ಸಹಜ. ಆದರೆ ಕಾರಣವು ರೋಗದ ಸ್ವರೂಪದಲ್ಲಿಯೇ ಇದೆ.

ಗಡ್ಡೆಯು ಸಾಮಾನ್ಯವಾಗಿ ಒಂದು ಜೀವಕೋಶದಿಂದ ಆರಂಭವಾದರೂ, ಕೋಶಗಳು ವಿಭಜನೆಯಾಗುತ್ತಾ ಹೋದಂತೆ ಅವುಗಳ ವಂಶವಾಹಿಗಳಲ್ಲಿ ಹೊಸ ಹೊಸ ಬದಲಾವಣೆಗಳುಂಟಾಗಿ ಹಲವು ಕವಲುಗಳಾಗುತ್ತವೆ. ಲಂಡನ್ನಿನ ಸಂಶೋಧಕರು 2012ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳ ಗಡ್ಡೆಯ ಹಲವು ಭಾಗಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗ, ಶೇಕಡಾ 60ಕ್ಕೂ ಹೆಚ್ಚು ಬದಲಾವಣೆಗಳು ಎಲ್ಲ ಭಾಗಗಳಲ್ಲಿಯೂ ಕಂಡುಬರಲಿಲ್ಲ. ಒಂದು ವೋಚರನ್ನು ನೋಡಿ ಇಡೀ ವರ್ಷದ ಲೆಕ್ಕ ಸರಿಯಿದೆಯೆಂದು ಪ್ರಮಾಣೀಕರಿಸಲಾಗದು, ಇದೂ ಹಾಗೆಯೇ.

ನಮ್ಮ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ತುಣುಕುಗಳನ್ನು ಎಚ್.ಎಲ್.ಎ. ಎಂಬ ಅಣುಗಳ ಮೂಲಕ ಹೊರಮೈಯಲ್ಲಿ ಪ್ರದರ್ಶಿಸುತ್ತವೆ. ರಕ್ತದಲ್ಲಿ ಸಂಚರಿಸುವ ಟಿ ಕೋಶಗಳು ಅಸಹಜ ತುಣುಕನ್ನು ಗುರುತಿಸಿ ಅಂತಹ ಕೋಶವನ್ನು ನಾಶಪಡಿಸುತ್ತವೆ. ಒಂದೊಂದು ಟಿ ಕೋಶವೂ ಕೆಲವೇ ಬಗೆಯ ತುಣುಕುಗಳನ್ನು ಗುರುತಿಸಬಲ್ಲದು. ಆದುದರಿಂದ ಅವುಗಳಲ್ಲಿ ವೈವಿಧ್ಯವಿದ್ದಷ್ಟೂ ಅನುಕೂಲ. ಅಸಹಜ ತುಣುಕು ಗಡ್ಡೆಯ ಎಲ್ಲ ಕೋಶಗಳಲ್ಲಿದ್ದರೆ ದಾಳಿಯು ಎಲ್ಲವನ್ನೂ ತಲುಪಬಹುದು. ಕೆಲವು ಕೋಶಗಳಲ್ಲಿ ಮಾತ್ರ ಇದ್ದರೆ ಉಳಿದವು ಪಾರಾಗಿ ಬೆಳೆಯುತ್ತವೆ. ಕೆಲವು ಕೋಶಗಳು ಎಚ್.ಎಲ್.ಎ.ಯನ್ನೇ ಭಾಗಶಃ ಕಳೆದುಕೊಂಡು ಮರೆಯಾಗುತ್ತವೆ. ಶ್ವಾಸಕೋಶದ ಕ್ಯಾನ್ಸರಿನ ಒಂದು ಪ್ರಮುಖ ಬಗೆಯಲ್ಲಿ ಇಂತಹ ನಷ್ಟವು ಸುಮಾರು ಶೇಕಡಾ 40ರಷ್ಟು ಗಡ್ಡೆಗಳಲ್ಲಿ ಇರುವುದು 2017ರಲ್ಲಿ ವರದಿಯಾಗಿದೆ.

ರಕ್ಷಣಾ ಕೋಶಗಳೆಲ್ಲವೂ ಗಡ್ಡೆಯ ವಿರುದ್ಧವೇ ಇರುತ್ತವೆಯೆಂದು ತಿಳಿಯಬಾರದು. ನಿಯಂತ್ರಕ ಟಿ ಕೋಶಗಳು ಹಾಗೂ ಕೆಲವು ಬಗೆಯ ಬಿಳಿ ರಕ್ತಕಣಗಳು ದಾಳಿಯನ್ನು ತಡೆದು ಗಡ್ಡೆಗೆ ನೆರವಾಗುತ್ತವೆ. ಹೀಗಿರುವಾಗ, “ರೋಗನಿರೋಧಕ ಶಕ್ತಿ ಹೆಚ್ಚಿಸಿ ಕ್ಯಾನ್ಸರ್ ಗುಣಪಡಿಸುತ್ತೇವೆ” ಎಂಬ ಪುಡಿ, ಕಷಾಯಗಳ ಜಾಹೀರಾತುಗಳನ್ನು ನಂಬಿ ಚಿಕಿತ್ಸೆಯನ್ನು ನಿಲ್ಲಿಸಬಾರದು.

ಟಿ ಕೋಶಗಳ ಮೇಲಿನ ತಡೆಯನ್ನು ತೆಗೆಯುವ ಚಿಕಿತ್ಸೆಗೆ ದಾರಿ ಮಾಡಿದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಮೇಲ್ಕಂಡ ಕಾರಣಗಳಿಂದ ಈ ಔಷಧಗಳು ಎಲ್ಲರಿಗೂ ಫಲ ನೀಡುವುದಿಲ್ಲ. ಯಾರಿಗೆ ಸೂಕ್ತವೆಂದು ತಿಳಿಯಲು ಗಡ್ಡೆಯ ಅಂಶದ ಪರೀಕ್ಷೆ ಬೇಕಾಗಬಹುದು; ರೋಗ ಮರುಕಳಿಸಿದಾಗ ಗಡ್ಡೆಯು ಬದಲಾಗಿರಬಹುದಾದ್ದರಿಂದ ಮರುಪರೀಕ್ಷೆಯೂ ಅಗತ್ಯವಾಗಬಹುದು.

ಅರ್ಜಿದಾರರು ಹಿಂದಿನ ಎಲ್ಲ ವರದಿಗಳನ್ನು ದಿನಾಂಕವಾರು ಜೋಡಿಸಿಟ್ಟುಕೊಳ್ಳತಕ್ಕದ್ದು. ಬಯಾಪ್ಸಿಯ ಸ್ಲೈಡ್ ಹಾಗೂ ಮೇಣದ ಬ್ಲಾಕ್ ಯಾವ ಪ್ರಯೋಗಾಲಯದಲ್ಲಿವೆ ಎಂಬುದನ್ನು ಬರೆದಿಟ್ಟುಕೊಂಡು, ಆಸ್ಪತ್ರೆ ಬದಲಿಸುವಾಗ ಹೊಸ ವೈದ್ಯರಿಗೆ ತಿಳಿಸುವುದು. ಬ್ಲಾಕ್ ಲಭ್ಯವಿದ್ದಲ್ಲಿ ಕೆಲವೊಮ್ಮೆ ಮತ್ತೆ ಸೂಜಿ ಹಾಕುವ ಅಗತ್ಯ ಬೀಳುವುದಿಲ್ಲ.