ಎತ್ತರದ ಜೊತೆ ತಾರೀಖನ್ನೂ ಕೇಳುವ ನಕ್ಷೆ

ಅಲಾಸ್ಕಾದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ಹುಟ್ಟಿ ಬ್ಯೂಫೋರ್ಟ್ ಸಮುದ್ರ ಸೇರುವ ನದಿ ಕ್ಯಾನಿಂಗ್. ಅಮೆರಿಕದ ಭೂವಿಜ್ಞಾನಿ ಅರ್ನೆಸ್ಟ್ ಲೆಫಿಂಗ್‌ವೆಲ್ 1906ರಲ್ಲಿ ಈ ಸೀಮೆಗೆ ಬಂದರು. ಬಂದ ಹಡಗು ಹಿಮಕ್ಕೆ ಸಿಕ್ಕಿ ಕೆಟ್ಟಾಗ ಅದರ ಮರದಿಂದಲೇ ಫ್ಲಾಕ್ಸ್‌ಮನ್ ದ್ವೀಪದಲ್ಲಿ ಮನೆ ಕಟ್ಟಿಕೊಂಡರು. 1914ರವರೆಗೆ ನಾಯಿಗಳೆಳೆಯುವ ಜಾರುಬಂಡಿ, ಸಣ್ಣ ದೋಣಿಗಳಲ್ಲಿ ಸುತ್ತಿ ಕರಾವಳಿಯನ್ನೂ ನದೀಸೀಮೆಯನ್ನೂ ಅಳೆದರು. ಅವರ ವರದಿ, ನಕ್ಷೆಗಳು ಅಚ್ಚಾದದ್ದು 1919ರಲ್ಲಿ.

ಅಳೆಯುತ್ತ ಹೋದವರಿಗೆ ನೆಲದ ಗುಟ್ಟೊಂದು ಸಿಕ್ಕಿತು. ಅಲ್ಲಿನ ಬಯಲು ಬಹುಭುಜಾಕೃತಿಯ ತುಂಡುಗಳಾಗಿ ಸೀಳಿಕೊಂಡಿದೆ. ಕಡುಚಳಿಗೆ ಹೆಪ್ಪುಗಟ್ಟಿದ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ವಸಂತದಲ್ಲಿ ಕರಗಿದ ನೀರು ಬಿರುಕಿಗಿಳಿದು ಹೆಪ್ಪುಗಟ್ಟುತ್ತದೆ. ವರ್ಷವರ್ಷವೂ ಅದೇ ಜಾಗ ಮತ್ತೆ ಸೀಳಿ, ಹಿಮದ ಬೆಣೆ ದಪ್ಪವಾಗುತ್ತದೆ. ಲೆಫಿಂಗ್‌ವೆಲ್ ಕೊಟ್ಟ ಈ ವಿವರಣೆಯನ್ನು ವಿಜ್ಞಾನಿಗಳು ಇಂದಿಗೂ ಒಪ್ಪುತ್ತಾರೆ. ಬೆಣೆ ಕರಗಿತೋ, ಮೇಲಿನ ನೆಲ ಕುಸಿಯಿತು. ಅಳೆದಿಟ್ಟ ಎತ್ತರ ಅಲ್ಲಿಗೆ ಹಳತಾಯಿತು.

ಈಗ ಅಳತೆ ಆಕಾಶದಿಂದ. ಒಂದೇ ಜಾಗವನ್ನು ಉಪಗ್ರಹ ಎರಡು ಕೋನಗಳಿಂದ ಚಿತ್ರಿಸುತ್ತದೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಎದುರಿಗೆ ಹಿಡಿದ ಬೆರಳು ಪಕ್ಕಕ್ಕೆ ಸರಿದಂತೆ ಕಾಣುತ್ತದಲ್ಲ, ಹಾಗೆಯೇ ಚಿತ್ರಗಳಲ್ಲಿ ಗುಡ್ಡ, ದಡಗಳೂ ಸರಿಯುತ್ತವೆ. ಎಷ್ಟು ಸರಿದವು ಎಂಬುದರಿಂದ ಎತ್ತರದ ಲೆಕ್ಕ. ಹೀಗೆ ತಯಾರಾದ ‘ಆರ್ಕ್ಟಿಕ್‌ಡೆಮ್’ ನಕ್ಷೆಯಲ್ಲಿ ಪ್ರತಿ 2 ಮೀಟರಿಗೊಂದು ಎತ್ತರವಿದೆ. ಮಿನೆಸೋಟ ವಿಶ್ವವಿದ್ಯಾಲಯದ ಪೋಲಾರ್ ಜಿಯೋಸ್ಪೇಷಿಯಲ್ ಸೆಂಟರ್‌ನ ಈ ಯೋಜನೆಗೆ ಇಲಿನಾಯ್‌ನ ‘ಬ್ಲೂ ವಾಟರ್ಸ್’ ಸೂಪರ್‌ಕಂಪ್ಯೂಟರ್ ಬೇಕಾಯಿತು. ಅಲಾಸ್ಕಾದ ಭಾಗ 2016ರಲ್ಲಿ ಹೊರಬಂತು.

ಆದರೆ ಈ ವಿಧಾನ ನದಿಯಲ್ಲೇ ಎಡವುತ್ತದೆ. ಎರಡು ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸಲು ಕಂಪ್ಯೂಟರಿಗೆ ಕಲ್ಲೋ ಕಲೆಯೋ ಬೇಕು. ಹರಿಯುವ ನೀರಿನ ಮೇಲೂ ಹೊಸ ಹಿಮದ ಮೇಲೂ ಅಂಥ ಗುರುತಿಲ್ಲ. 2022ರ ಡಿಸೆಂಬರಿನಲ್ಲಿ ಹಾರಿದ ‘ಸ್ವಾಟ್’ ಉಪಗ್ರಹ ರಾಡಾರ್ ಬಳಸಿ ನೀರಿನ ಮಟ್ಟವನ್ನೇ ಅಳೆಯುತ್ತದೆ. ಅದೂ ಸುಮಾರು 100 ಮೀಟರಿಗಿಂತ ಅಗಲವಾದ ನದಿಗಳಿಗೆ ಹೊಂದಿಸಿದ್ದು. ಕವಲುಕವಲಾಗಿ ಹರಿಯುವ ಸಣ್ಣ ತೊರೆಗಳು ಕೈಗೆ ಸಿಗುವುದು ಕಷ್ಟ.

ನಿಜವಾದ ಲಾಭವಿರುವುದು ಕಳೆಯುವ ಲೆಕ್ಕದಲ್ಲಿ. ಹೊಸ ನಕ್ಷೆಯ ಎತ್ತರದಿಂದ ಹಳೆಯದನ್ನು ಕಳೆದರೆ ದಡ ಎಲ್ಲಿ ಕೊಚ್ಚಿಹೋಯಿತು, ಇಳಿಜಾರು ಎಲ್ಲಿ ಜರಿಯಿತು ಎಂಬುದು ಕಾಣುತ್ತದೆ. ಇದಕ್ಕೆ ಎರಡೂ ನಕ್ಷೆಗಳಲ್ಲಿ ಅಲುಗದ ಬಿಂದುಗಳಿರಬೇಕು. ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದಲ್ಲಿ, ಅಂದರೆ ಪರ್ಮಾಫ್ರಾಸ್ಟಿನಲ್ಲಿ, ಮೇಲ್ಮಣ್ಣು ಚಳಿಗಾಲಕ್ಕೆ ಉಬ್ಬಿ ಬೇಸಿಗೆಗೆ ತಗ್ಗುವುದರಿಂದ ಮೇಲೆಮೇಲೆ ನೆಟ್ಟ ಸರ್ವೆ ಗುರುತೂ ಅಲುಗುತ್ತದೆ. ಬಂಡೆಯನ್ನೋ ಆಳಕ್ಕಿಳಿಸಿದ ಕಂಬಿಯನ್ನೋ ನಂಬಬೇಕು. ಹಾಗಾಗಿ ಇಂಥ ಸೀಮೆಯ ನಕ್ಷೆಯಲ್ಲಿ ಎತ್ತರದ ಪಕ್ಕ ಅಳೆದ ತಾರೀಖು ಇಲ್ಲದಿದ್ದರೆ ಆ ಅಂಕಿ ಅರ್ಧ ಮಾಹಿತಿಯಷ್ಟೇ.